ಒಂದು ಗೇಣು ಅಗಲದ ದಾರಿ

1971ರ ಡಿಸೆಂಬರ್ ತಿಂಗಳು. ಯುದ್ಧ ಮುಗಿದು ಒಂದು ವಾರವಾಗಿತ್ತು. ಇಂಗ್ಲೆಂಡಿನಲ್ಲಿ ವೈದ್ಯರಾಗಿದ್ದ ನನ್ನ ಸೋದರಮಾವ ರಜೆಗೆಂದು ಬೆಂಗಳೂರಿಗೆ ಬಂದಾಗ ನನಗಾಗಿ ಒಂದು ರಟ್ಟಿನ ಪೆಟ್ಟಿಗೆ ತಂದಿದ್ದರು. ಮುಚ್ಚಳದ ಮೇಲೆ ನಾಲ್ಕು ಎಂಜಿನ್‌ಗಳ, ಜೋಡಿ ಬಾಲದ ಒಂದು ಬಾಂಬರ್ ವಿಮಾನದ ಚಿತ್ರ. ಒಳಗೆ ಕಡ್ಡಿಗಳಿಗೆ ಅಂಟಿಕೊಂಡ ಪ್ಲಾಸ್ಟಿಕ್ಕಿನ ತುಂಡುಗಳು, ಒಂದು ಸೂಚನಾ ಪತ್ರ. ಏರ್‌ಫಿಕ್ಸ್ ಎಂಬ ಬ್ರಿಟಿಷ್ ಕಂಪನಿಯ ಲಿಬರೇಟರ್ ವಿಮಾನದ ಕಿಟ್ ಅದು. ನನಗಾಗ 12 ವರ್ಷ. ಎರಡೇ ದಿನದಲ್ಲಿ, ಅರ್ಧ ಅಂಟನ್ನು ಬೆರಳಿಗೂ ಉಳಿದರ್ಧವನ್ನು ಪ್ಲಾಸ್ಟಿಕ್ಕಿಗೂ ಮೆತ್ತಿ, ವಿಮಾನ ಕಟ್ಟಿ ನಿಲ್ಲಿಸಿದೆ. ಬಣ್ಣ ಹಚ್ಚುವ ತಾಳ್ಮೆ ಇರಲಿಲ್ಲ.

ಸಂಜೆ ಕಾರ್ಖಾನೆಯಿಂದ ಸೈಕಲ್ಲಿನಲ್ಲಿ ಬಂದ ತಂದೆಯವರ ಕೈಗೆ ಅದನ್ನು ಕೊಟ್ಟೆ. ಅವರು ಹಿಂದೂಸ್ತಾನ್ ಏರೋನಾಟಿಕ್ಸ್‌ನಲ್ಲಿ, ಅಂದರೆ ನಮ್ಮ ಮನೆಮಾತಿನಲ್ಲಿ 'ಫ್ಯಾಕ್ಟರಿ'ಯಲ್ಲಿ, ಉಪಕರಣಗಳ ವಿಭಾಗದ ಫಿಟ್ಟರ್ ಆಗಿದ್ದರು. ಕನ್ನಡಕ ಹಾಕಿಕೊಂಡು ವಿಮಾನವನ್ನು ದೀಪದ ಕೆಳಗೆ ಹಿಡಿದು ತಿರುಗಿಸಿದರು. ಒಂದು ಕಣ್ಣು ಮುಚ್ಚಿ ಕಿಟಕಿಯ ತೂತಿನೊಳಗೆ ಇಣುಕಿದರು. ಆಮೇಲೆ ಹೇಳಿದರು: "ಎಲ್ಲಾ ಸರಿ ಕಣೋ. ಆದ್ರೆ ಒಳಗೆ ಏನೂ ಇಲ್ವಲ್ಲ!"

ನನಗೆ ಬಂದ ಸಿಟ್ಟು ಈಗಲೂ ನೆನಪಿದೆ. ಆಟಿಕೆಯ ವಿಮಾನದೊಳಗೆ ಏನಿರಬೇಕು? ಈ ಪ್ರಶ್ನೆಯನ್ನು ನಾನು ಅವರಿಗೆ ಕೇಳಲಿಲ್ಲ. ಕೇಳಬಹುದಾಗಿದ್ದ ಕಾಲದಲ್ಲಿ ಕೇಳಲಿಲ್ಲ ಎಂಬುದೇ ಈ ಬರಹಕ್ಕೆ ಕಾರಣ.

ಲಿಬರೇಟರ್ ವಿಮಾನಕ್ಕೂ ಬೆಂಗಳೂರಿಗೂ ಇರುವ ನಂಟು ಈ ಊರಿನಲ್ಲಿ ಹುಟ್ಟಿ ಬೆಳೆದವರಿಗೂ ಅಷ್ಟಾಗಿ ತಿಳಿದಿಲ್ಲ. ಅಮೆರಿಕದ ಕನ್ಸಾಲಿಡೇಟೆಡ್ ಕಂಪನಿ ರೂಪಿಸಿದ ಬಿ-24 ಲಿಬರೇಟರ್ ಮೊದಲು ಹಾರಿದ್ದು 1939ರ ಡಿಸೆಂಬರ್ ಕೊನೆಯಲ್ಲಿ. ಯುದ್ಧ ಮುಗಿಯುವ ಹೊತ್ತಿಗೆ ಇಂಥ 18 ಸಾವಿರಕ್ಕೂ ಹೆಚ್ಚು ವಿಮಾನಗಳು ತಯಾರಾಗಿದ್ದವು. ಫೋರ್ಡ್ ಕಂಪನಿಯ ವಿಲ್ಲೋ ರನ್ ಕಾರ್ಖಾನೆ ತನ್ನ ಉತ್ಕರ್ಷದ ದಿನಗಳಲ್ಲಿ ಗಂಟೆಗೊಂದರಂತೆ ಇವನ್ನು ಹೊರತಂದಿತು. ಎರಡನೆಯ ಮಹಾಯುದ್ಧದ ಬೇರಾವ ಅಮೆರಿಕನ್ ಯುದ್ಧವಿಮಾನವೂ ಈ ಸಂಖ್ಯೆಯನ್ನು ಮುಟ್ಟಲಿಲ್ಲ. ಬ್ರಿಟನ್ನಿನ ವಾಯುಪಡೆಯೂ ಇವನ್ನು ಪಡೆದು, ಬಂಗಾಳದ ನೆಲೆಗಳಿಂದ ಬರ್ಮಾದ ಮೇಲೆ, ಸಯಾಂ-ಬರ್ಮಾ ರೈಲುಮಾರ್ಗದ ಸೇತುವೆಗಳ ಮೇಲೆ ದಾಳಿಗೆ ಬಳಸಿತು.

ಯುದ್ಧ ಮುಗಿಯಿತು. ಲೆಂಡ್-ಲೀಸ್ ಒಪ್ಪಂದದಡಿ ಅಮೆರಿಕದಿಂದ ಬಂದ ವಿಮಾನಗಳನ್ನು ಬ್ರಿಟನ್ ಹಿಂದಿರುಗಿಸಬೇಕು, ಇಲ್ಲವೇ ಹಣ ಕೊಟ್ಟು ಇಟ್ಟುಕೊಳ್ಳಬೇಕು, ಎರಡೂ ಆಗದಿದ್ದರೆ ಮತ್ತೆ ಬಳಕೆಗೆ ಬಾರದಂತೆ ಮಾಡಬೇಕು. ಕಾನ್ಪುರದ ಚಕೇರಿ ವಿಮಾನ ನೆಲೆಯಲ್ಲಿ ಸಾಲಾಗಿ ನಿಂತಿದ್ದ ಲಿಬರೇಟರ್‌ಗಳಿಗೆ ಬಂದದ್ದು ಮೂರನೆಯ ಗತಿ. ಅವುಗಳ ಒಡಲಿಗೆ ತೂತು ಹೊಡೆದರು, ಎಂಜಿನ್‌ಗಳಿಗೆ ಮರಳು ಸುರಿದರು, ಉಪಕರಣಗಳನ್ನು ಜಜ್ಜಿದರು. ಸರ್ಕಾರಿ ಭಾಷೆಯಲ್ಲಿ ಹೇಳುವುದಾದರೆ 'ಕಂಡಮ್' ಮಾಡಿದರು. ನನ್ನ ಸೇವಾವಧಿಯಲ್ಲಿ ನಾನೂ ಎಷ್ಟೋ ಕಂಡಮ್ ಪಟ್ಟಿಗಳಿಗೆ ಸಹಿ ಹಾಕಿದ್ದೇನೆ: ಜೀಪುಗಳು, ಟೈಪ್‌ರೈಟರ್‌ಗಳು, ಒಮ್ಮೆ ಒಂದು ರೋಡ್ ರೋಲರ್. ಆ ಪಟ್ಟಿಗೆ ಸೇರಿದ ವಸ್ತು ಮತ್ತೆ ಬಳಕೆಗೆ ಬಂದದ್ದನ್ನು ಮಾತ್ರ ಒಂದು ಸಲವೂ ಕಾಣಲಿಲ್ಲ.

ಚಕೇರಿಯ ವಿಮಾನಗಳ ವಿಷಯದಲ್ಲಿ ಅದು ನಡೆಯಿತು. ಸ್ವಾತಂತ್ರ್ಯ ಬಂದಾಗ ಭಾರತೀಯ ವಾಯುಪಡೆಯ ಬಳಿ ಒಂದೇ ಒಂದು ಭಾರಿ ಬಾಂಬರ್ ಇರಲಿಲ್ಲ. ಹೊಸದನ್ನು ಕೊಳ್ಳಲು ವಿದೇಶಿ ವಿನಿಮಯವೂ ಇರಲಿಲ್ಲ. ಕಾನ್ಪುರದ ಗುಜರಿಯಿಂದ ಹಾರಬಲ್ಲ ವಿಮಾನಗಳನ್ನು ಎತ್ತಲಾದೀತೇ ಎಂಬ ಪ್ರಶ್ನೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಗೆ (ಎಚ್ಎಎಲ್‌ನ ಆಗಿನ ಹೆಸರು ಅದು) ಬಂತು. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆಗೂಡಿ 1940ರ ಡಿಸೆಂಬರಿನಲ್ಲಿ ಆರಂಭಿಸಿದ್ದ ಆ ಸಂಸ್ಥೆಗೆ ಆಗಿನ್ನೂ ಎಂಟು ವರ್ಷವೂ ತುಂಬಿರಲಿಲ್ಲ. ಸ್ವಂತ ವಿನ್ಯಾಸದ ವಿಮಾನ ಇನ್ನೂ ಹಾರಿರಲಿಲ್ಲ. ಎಚ್‌ಟಿ-2 ತರಬೇತಿ ವಿಮಾನ ಬಂದದ್ದು 1951ರಲ್ಲಿ. ಆದರೆ ಯುದ್ಧಕಾಲದಲ್ಲಿ, 1943ರಿಂದ, ಇಡೀ ಕಾರ್ಖಾನೆಯನ್ನು ಅಮೆರಿಕದ ಸೇನಾ ವಾಯುಪಡೆ ತನ್ನ ದುರಸ್ತಿ ಕೇಂದ್ರವಾಗಿ ನಡೆಸಿತ್ತು. ಡಕೋಟಾ, ಕ್ಯಾಟಲಿನಾ ವಿಮಾನಗಳಿಗೆ ಇದ್ದದ್ದು ಪ್ರಾಟ್ ಅಂಡ್ ವಿಟ್ನಿ ಕಂಪನಿಯ 14 ಸಿಲಿಂಡರುಗಳ 'ಟ್ವಿನ್ ವಾಸ್ಪ್' ಎಂಜಿನ್. ಲಿಬರೇಟರ್‌ಗೆ ಇದ್ದ ನಾಲ್ಕೂ ಅದೇ ಕುಲದವು. ಬೆಂಗಳೂರಿನ ಕೆಲಸಗಾರರ ಕೈಗೆ ಅದರ ಪರಿಚಯ ಮೊದಲೇ ಇತ್ತು. ಈ ಸಾಹಸ ಸಾಧ್ಯವಾದದ್ದರಲ್ಲಿ ಈ ಸಂಗತಿಯ ಪಾಲು ದೊಡ್ಡದೆಂದು ನನ್ನ ಊಹೆ.

ಕಾನ್ಪುರದಲ್ಲಿ ಒಂದು ವಿಮಾನದ ರೆಕ್ಕೆ, ಇನ್ನೊಂದರ ಬಾಲ, ಮತ್ತೊಂದರ ಚಕ್ರ ಎಂದು ಜೋಡಿಸಿ, ಒಂದೇ ಒಂದು ಸಲ ಹಾರುವಷ್ಟು ಗಟ್ಟಿ ಮಾಡಿ, ಬೆಂಗಳೂರಿಗೆ ತರುವುದು. ಇಲ್ಲಿ ಬಿಚ್ಚಿ ಪೂರ್ಣವಾಗಿ ದುರಸ್ತಿ ಮಾಡುವುದು. ಕ್ರಮ ಇದು. ತಂದವರು ಎಚ್ಎಎಲ್‌ನ ಪರೀಕ್ಷಾರ್ಥ ವಿಮಾನಚಾಲಕರಾಗಿದ್ದ ಕ್ಯಾಪ್ಟನ್ ಜಮ್ಷೆಡ್ ಮುನ್ಷಿ. ಹೀಗೆ ಸುಮಾರು 40 ಲಿಬರೇಟರ್‌ಗಳು ಮತ್ತೆ ಜೀವ ಪಡೆದವು. 1948ರ ನವೆಂಬರಿನಲ್ಲಿ ಇವುಗಳಿಂದಲೇ ವಾಯುಪಡೆಯ 5ನೇ ಸ್ಕ್ವಾಡ್ರನ್ ಕಟ್ಟಿದರು. ಮುಂದೆ 6ನೇ ಸ್ಕ್ವಾಡ್ರನ್ ಇವನ್ನು ಸಮುದ್ರದ ಮೇಲಿನ ಕಾವಲಿಗೆ ಬಳಸಿತು. ಕೊನೆಯವು ನಿವೃತ್ತವಾದದ್ದು 1968ರಲ್ಲಿ. ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಅಮೆರಿಕದಲ್ಲಿ ಸಾವಿರಾರು ಲಿಬರೇಟರ್‌ಗಳು ಕರಗಿ ಅಲ್ಯೂಮಿನಿಯಂ ಗಟ್ಟಿಗಳಾಗಿದ್ದವು. ಆದ್ದರಿಂದ ಆಮೇಲೆ ಲಿಬರೇಟರ್ ಬೇಕೆಂದು ಹುಡುಕಿಕೊಂಡು ಹೊರಟ ವಸ್ತುಸಂಗ್ರಹಾಲಯಗಳು ಭಾರತದ ಬಾಗಿಲಿಗೆ ಬರಬೇಕಾಯಿತು. ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂ, ಕೆನಡಾದ ಆಟವಾ, ಅಮೆರಿಕದ ಅರಿಜೋನಾದ ಪೀಮಾ ಮ್ಯೂಸಿಯಂಗಳಲ್ಲಿರುವ ಲಿಬರೇಟರ್‌ಗಳು ನಮ್ಮ ವಾಯುಪಡೆಯಿಂದ ಹೋದವು. ಒಂದು ದೆಹಲಿಯ ಪಾಲಂನಲ್ಲಿದೆ. ಬೆಂಗಳೂರಿನ ಎಚ್ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋದಾಗಲೆಲ್ಲ ಹುಡುಕಿದ್ದೇನೆ, ಅಲ್ಲಿ ಕಂಡಿಲ್ಲ.

ನನ್ನ ತಂದೆ 1944ರಲ್ಲಿ, 18ರ ವಯಸ್ಸಿನಲ್ಲಿ ಕಾರ್ಖಾನೆ ಸೇರಿದವರು. ಲಿಬರೇಟರ್‌ಗಳು ಕಾನ್ಪುರದಿಂದ ಬಂದಾಗ ಅವರು 22ರ ತರುಣ. ಆ ಕಾಲದ ಬಗ್ಗೆ ಅವರು ಮಾತನಾಡಿದ್ದೇ ಅಪರೂಪ. ಕಾರ್ಖಾನೆಯ ವಿಷಯ ಮನೆಯಲ್ಲಿ ಆಡಬಾರದೆಂಬ ನಿಯಮವೋ, ಆಡಿದರೆ ಕೇಳುವವರು ಯಾರೆಂಬ ಉದಾಸೀನವೋ. ನನಗೆ ದಕ್ಕಿದ್ದು ಮೂರೇ ತುಣುಕುಗಳು. ಮೊದಲನೆಯದು, ಬಂದ ವಿಮಾನಗಳಲ್ಲಿ ಗಡಿಯಾರದಂಥ ಉಪಕರಣಗಳ ಗಾಜುಗಳೆಲ್ಲ ಒಡೆದಿದ್ದವು, ತಂತಿಗಳನ್ನು ಮೊಳಕ್ಕೊಂದರಂತೆ ಕತ್ತರಿಸಿದ್ದರು. ಎರಡನೆಯದು, ಬೇಸಿಗೆಯಲ್ಲಿ ಅದರೊಳಗೆ ಕೂತು ಕೆಲಸ ಮಾಡುವುದೆಂದರೆ ಇಡ್ಲಿ ಪಾತ್ರೆಯೊಳಗೆ ಕೂತಂತೆ. ಮೂರನೆಯದು, ವಿಮಾನದ ಮುಂಭಾಗದಿಂದ ಹಿಂಭಾಗಕ್ಕೆ ಹೋಗಲು ಬಾಂಬುಗಳನ್ನು ಇಡುವ ಅಂಕಣದ ನಡುವೆ 'ಒಂದು ಗೇಣು ಅಗಲದ ಹಲಗೆ' ಇತ್ತು. ಉಪಕರಣದ ಪೆಟ್ಟಿಗೆ ಹಿಡಿದುಕೊಂಡು ದಿನಕ್ಕೆ ಇಪ್ಪತ್ತು ಸಲ ಅದರ ಮೇಲೆ ಓಡಾಡಬೇಕಿತ್ತು. ಗೇಣಗಲದ ಹಲಗೆಯ ಮಾತನ್ನು ನಾನು ನಂಬಿರಲಿಲ್ಲ. ತಂದೆಯವರು ಮಕ್ಕಳ ಮುಂದೆ ಸ್ವಲ್ಪ ಬೆಳೆಸಿ ಹೇಳಿದರೆಂದೇ ತಿಳಿದಿದ್ದೆ. ಅವರು 1996ರಲ್ಲಿ ತೀರಿಕೊಂಡರು.

ನಿವೃತ್ತಿಯ ನಂತರ, 2019ರಲ್ಲಿ, ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದಾಗ ಹೆಂಡನ್‌ನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂ ನೋಡಿದೆ. ಅಲ್ಲಿರುವ ಲಿಬರೇಟರ್ ಭಾರತೀಯ ವಾಯುಪಡೆ 1974ರಲ್ಲಿ ಕೊಟ್ಟದ್ದು. ಅದರ ಕೆಳಗೆ ನಿಂತಾಗ ಹೊಳೆದದ್ದು ಇಷ್ಟೇ: ಈ ವಿಮಾನದ ಒಳಗೆ ನನ್ನ ತಂದೆಯ ಕೈ ಓಡಾಡಿರುವ ಸಂಭವವಿದೆ, ನನಗೆ ಮಾತ್ರ ಇದರ ಹೊರಮೈ ಬಿಟ್ಟು ಏನೂ ಗೊತ್ತಿಲ್ಲ. ಪ್ರವಾಸಿಗರಿಗೆ ಒಳಗೆ ಹೋಗಲು ಅವಕಾಶವಿರಲಿಲ್ಲ. ಮರಳಿ ಬರುವ ಮುನ್ನ, ಹಳೆಯ ಕಿಟ್‌ಗಳನ್ನು ಮಾರುವ ಅಂಗಡಿಯೊಂದರಲ್ಲಿ, ಅದೇ ಏರ್‌ಫಿಕ್ಸ್ ಲಿಬರೇಟರ್, ಅಂಚು ಸವೆದ ಪೆಟ್ಟಿಗೆಯಲ್ಲಿ, ಸಿಕ್ಕಿತು. ಮಗಳು ಬೆಲೆ ಕೇಳಿ ಹುಬ್ಬೇರಿಸಿದಳು. ನಾನು ಅಪರೂಪಕ್ಕೆ ಚೌಕಾಸಿ ಮಾಡಲಿಲ್ಲ.

ಈ ಹವ್ಯಾಸದ ಬಗ್ಗೆ ಒಂದೆರಡು ಮಾತು. ಇದು ಮೂಲತಃ ಬ್ರಿಟಿಷರದು. ಏರ್‌ಫಿಕ್ಸ್ ಅನ್ನು 1939ರಲ್ಲಿ ಆರಂಭಿಸಿದ ನಿಕೋಲಸ್ ಕೋವ್ ಹಂಗೇರಿಯಿಂದ ವಲಸೆ ಬಂದವನು. ಮೊದಮೊದಲು ತಯಾರಿಸಿದ್ದು ಗಾಳಿ ತುಂಬುವ ರಬ್ಬರ್ ಆಟಿಕೆ, ಆಮೇಲೆ ಬಾಚಣಿಗೆ. 1950ರ ದಶಕದಲ್ಲಿ ವುಲ್‌ವರ್ತ್ ಅಂಗಡಿಗಳ ಮೂಲಕ ಅಗ್ಗದ ಕಿಟ್‌ಗಳನ್ನು ಮಾರಲು ಶುರು ಮಾಡಿದ ಮೇಲೆ ಒಂದಿಡೀ ತಲೆಮಾರಿನ ಹುಡುಗರು ಶನಿವಾರದ ಮಧ್ಯಾಹ್ನಗಳನ್ನು ಅಂಟಿನ ವಾಸನೆಯಲ್ಲಿ ಕಳೆದರು. ಲಿಬರೇಟರ್ ಬಂದದ್ದು 1960ರ ದಶಕದ ಆರಂಭದಲ್ಲಿ. ಅಳತೆ 1:72. ಈ ವಿಚಿತ್ರ ಸಂಖ್ಯೆಗೆ ಸರಳವಾದ ಕಾರಣವಿದೆ. ಆರು ಅಡಿ ಎಂದರೆ 72 ಅಂಗುಲ. ಆರಡಿಯ ಮನುಷ್ಯ ಈ ಅಳತೆಯಲ್ಲಿ ಸರಿಯಾಗಿ ಒಂದು ಅಂಗುಲವಾಗುತ್ತಾನೆ. 1930ರ ದಶಕದ ಮರದ ಕಿಟ್‌ಗಳಿಂದ ಬಂದ ಲೆಕ್ಕ ಇದು. ಮೆಟ್ರಿಕ್ ಪದ್ಧತಿ ಬಂದರೂ ಅಳಿಯಲಿಲ್ಲ.

ಇನ್ನು ತಂದೆಯವರ ಆಕ್ಷೇಪ. ಒಳಗೆ ಏಕೆ ಏನೂ ಇಲ್ಲ? ಅರ್ಥಶಾಸ್ತ್ರ ಓದಿದವನಿಗೆ ಉತ್ತರ ಕಷ್ಟವಲ್ಲ. ಇಂಥ ಕಿಟ್‌ನ ಖರ್ಚೆಲ್ಲ ಉಕ್ಕಿನ ಅಚ್ಚಿನಲ್ಲಿರುತ್ತದೆ. ಸಾವಿರ ಪೆಟ್ಟಿಗೆ ಮಾರಿದರೂ ಲಕ್ಷ ಮಾರಿದರೂ ಅಚ್ಚಿನ ವೆಚ್ಚ ಅಷ್ಟೇ. ಪ್ರತಿ ಪೆಟ್ಟಿಗೆಯ ಪ್ಲಾಸ್ಟಿಕ್ಕಿಗೆ ತಗಲುವುದು ಪುಡಿಗಾಸು. ಒಂದು ಬಿಡಿಭಾಗ ಹೆಚ್ಚಿಸಿದರೆ ಅಚ್ಚಿನಲ್ಲಿ ಒಂದು ಕುಳಿ ಹೆಚ್ಚು ಕೊರೆಯಬೇಕು. ಕೊಳ್ಳುವ ಹುಡುಗ ನೋಡುವುದು ರೆಕ್ಕೆ, ಎಂಜಿನ್, ಬಂದೂಕು. ಪುಟ್ಟ ಕಿಟಕಿಯಾಚೆ ಕಾಣದ ಕುರ್ಚಿಗೆ ಅವನ ಕಿಸೆಯಿಂದ ಒಂದು ಪೆನ್ನಿಯೂ ಬರುವುದಿಲ್ಲ. ಹಾಗಾಗಿ ಚಾಲಕರ ಬೊಂಬೆಗಳು, ಅವು ಕೂರಲು ಒಂದಿಷ್ಟು ಆಸರೆ, ಉಳಿದದ್ದು ಟೊಳ್ಳು. ತಯಾರಕರ ಲೆಕ್ಕ ತಪ್ಪಲ್ಲ. ನನ್ನ ತಂದೆ ಆ ಮಾರುಕಟ್ಟೆಯ ಗ್ರಾಹಕರಾಗಿರಲಿಲ್ಲ, ಅಷ್ಟೆ.

ಖಾಲಿ ಒಡಲಿಗೆ ಒಳಾಂಗಣವನ್ನು ಕಿಟ್‌ನ ಹಂಗಿಲ್ಲದೆ ಸ್ವಂತ ಕೈಯಿಂದ ಕಟ್ಟುವುದು ಈ ಹವ್ಯಾಸದ ಹಿರಿಯರು ಬಹುಕಾಲದಿಂದ ಮಾಡುತ್ತ ಬಂದ ಕೆಲಸ. ಬೇಕಾದ ಸಾಮಗ್ರಿ ಅತ್ಯಲ್ಪ. ಕಾಲು ಮಿಲಿಮೀಟರ್, ಅರ್ಧ ಮಿಲಿಮೀಟರ್ ದಪ್ಪದ ಬಿಳಿ ಪ್ಲಾಸ್ಟಿಕ್ ಹಾಳೆ, ಹರಿತವಾದ ಸಣ್ಣ ಚಾಕು, ಚಿಮಟ, ಭೂತಗನ್ನಡಿ, ಸ್ಯಾಂಡ್‌ಪೇಪರ್. ಮಾತ್ರೆಗಳ ಪಟ್ಟಿಯ ಹಿಂದಿನ ಬೆಳ್ಳಿಕಾಗದ ಸೀಟಿನ ಬೆಲ್ಟುಗಳಾಗುತ್ತದೆ. ಅರವತ್ತು ದಾಟಿದವರ ಮನೆಯಲ್ಲಿ ಅದಕ್ಕೆ ಕೊರತೆಯಿಲ್ಲ. ಹಾಳಾದ ಇಯರ್‌ಫೋನಿನ ತಂತಿಯೊಳಗಿನ ತಾಮ್ರದ ಎಳೆ ವಿದ್ಯುತ್ ತಂತಿಯಾಗುತ್ತದೆ. ಕಿಟ್‌ನ ಬಿಡಿಭಾಗಗಳು ಅಂಟಿಕೊಂಡಿರುವ ಕಡ್ಡಿಯನ್ನು ಮೇಣದ ಬತ್ತಿಯ ಮೇಲೆ ಹಿಡಿದು, ಮೆತ್ತಗಾದೊಡನೆ ಎರಡೂ ಕೈಯಿಂದ ಎಳೆದರೆ ಕೂದಲಿನಷ್ಟು ಸಣ್ಣ ನೂಲು ಸಿಗುತ್ತದೆ. ಅದು ಕೊಳವೆಯೂ ಆಗುತ್ತದೆ, ಹಿಡಿಕೆಯೂ ಆಗುತ್ತದೆ. ಇದಲ್ಲದೆ ನನ್ನ ಬಳಿ ತಂದೆಯವರ ಆರಂಗುಲದ ಉಕ್ಕಿನ ಅಳತೆಪಟ್ಟಿ ಇತ್ತು.

ಮೊದಲ ಆರು ತಿಂಗಳು ಏನನ್ನೂ ಕತ್ತರಿಸಲಿಲ್ಲ. ಕಡತ ಪೂರ್ತಿಯಾಗದೆ ಟಿಪ್ಪಣಿ ಬರೆಯಬಾರದೆಂಬ ಅಭ್ಯಾಸ. ಯುದ್ಧಕಾಲದ ಚಾಲಕರ ಕೈಪಿಡಿಗಳ ಮರುಮುದ್ರಣ, ನಕ್ಷೆಗಳು, ಉಳಿದಿರುವ ವಿಮಾನಗಳ ಛಾಯಾಚಿತ್ರಗಳನ್ನು ಕೂಡಿಹಾಕಿದೆ. ಲಿಬರೇಟರ್‌ನ ರೆಕ್ಕೆಯ ಹರವು 110 ಅಡಿ, ಉದ್ದ 67 ಅಡಿ. ಮಾದರಿಯಲ್ಲಿ ಇವು ಸುಮಾರು 47 ಮತ್ತು 28 ಸೆಂಟಿಮೀಟರ್. ಬಾಂಬ್ ಅಂಕಣದ ಬಾಗಿಲುಗಳು ಉಳಿದ ವಿಮಾನಗಳಂತೆ ಕೆಳಕ್ಕೆ ತೆರೆದುಕೊಳ್ಳುವುದಿಲ್ಲ. ನಮ್ಮ ಅಂಗಡಿಗಳ ರೋಲಿಂಗ್ ಷಟರ್‌ನಂತೆ ಒಡಲಿನ ಪಕ್ಕಕ್ಕೆ ಸರಿದು ಮೇಲೇರುತ್ತವೆ. ಆ ಷಟರ್‌ಗಳು ಎಷ್ಟು ತೆಳುವೆಂದರೆ ಮನುಷ್ಯ ಬಿದ್ದರೆ ಭಾರ ತಡೆಯಲಾರವು. ಎರಡು ಬದಿಯ ಷಟರ್‌ಗಳ ನಡುವೆ, ಮುಂದಿನ ಕೋಣೆಯನ್ನೂ ಹಿಂದಿನ ಕೋಣೆಯನ್ನೂ ಸೇರಿಸುವ ಒಂದೇ ದಾರಿಯೆಂದರೆ ಉದ್ದಕ್ಕೂ ಹಾಯ್ದ ಕಾಲುಹಲಗೆ. ಅದರ ಅಗಲ 9 ಅಂಗುಲವೆಂದು ಓದಿದ ರಾತ್ರಿ ನಾನು ಮೇಜಿನ ಮೇಲೆ ಅಂಗೈ ಹರಡಿ, ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ ಉಕ್ಕಿನ ಪಟ್ಟಿಯಿಂದ ಅಳೆದೆ. ಪಟ್ಟಿ ಮುಗಿದು ಇನ್ನೂ ಮೂರಂಗುಲ ಉಳಿಯಿತು. ಒಂಬತ್ತು. ತಂದೆಯವರು ಒಂದು ಕೂದಲೆಳೆಯಷ್ಟೂ ಬೆಳೆಸಿ ಹೇಳಿರಲಿಲ್ಲ.

ಆ ಹಲಗೆ ಮಾದರಿಯಲ್ಲಿ 3.2 ಮಿಲಿಮೀಟರ್. ಕೆಲಸ ಶುರು ಮಾಡಿದ್ದು ಅದರಿಂದಲೇ. ಪ್ಲಾಸ್ಟಿಕ್ ಹಾಳೆಯಿಂದ ಪಟ್ಟಿ ಸೀಳಿ, ಕೆಳಗೆ ತೊಲೆ ಕೊಟ್ಟು, ಎರಡೂ ಬದಿಯಲ್ಲಿ ಬಾಂಬುಗಳನ್ನು ತೂಗುಹಾಕುವ ಕಂಬಗಳನ್ನು ನಿಲ್ಲಿಸಿದೆ. ನಂತರ ಅಡ್ಡಗೋಡೆಗಳು, ಒಡಲಿನ ಒಳಮೈಯಲ್ಲಿ ಪಕ್ಕೆಲುಬುಗಳಂತೆ ಸಾಲಾಗಿ ಬರುವ ಕಟ್ಟುಗಳು, ನಕ್ಷೆ ನೋಡುವವನ ಪುಟ್ಟ ಮೇಜು, ರೇಡಿಯೊದವನ ಪೀಠ, ಆಮ್ಲಜನಕದ ಸಿಲಿಂಡರುಗಳು. ಚಾಲಕರ ಮುಂದಿನ ಫಲಕದ ಒಂದೊಂದು ಉಪಕರಣದ ಮುಖ ಅಸಲಿನಲ್ಲಿ ಮೂರಂಗುಲದಷ್ಟು. ನನ್ನಲ್ಲಿ ಒಂದು ಮಿಲಿಮೀಟರ್. ಕಪ್ಪು ಬಣ್ಣದ ಮೇಲೆ ಸೂಜಿಮೊನೆಯಿಂದ ಬಿಳಿ ಗೆರೆ ಎಳೆದು, ಒಣಗಿದ ಮೇಲೆ ಪಾರದರ್ಶಕ ವಾರ್ನಿಷಿನ ಒಂದು ಹನಿ ಬಿಟ್ಟರೆ ಗಾಜಿನಂತೆ ಹೊಳೆಯುತ್ತದೆ. ಈ ಫಲಕವನ್ನು ನಾಲ್ಕು ಸಲ ಮಾಡಿದೆ. ಮೂರನೆಯದು ಚೆನ್ನಾಗಿಯೇ ಇತ್ತು. ಚಿಮಟದಿಂದ ಹಾರಿ ಕೋಣೆಯಲ್ಲೆಲ್ಲೋ ಬಿತ್ತು, ಇವತ್ತಿಗೂ ಸಿಕ್ಕಿಲ್ಲ. ಕಸ ಗುಡಿಸುವಾಗ ಸಿಕ್ಕ ಪ್ರತಿಯೊಂದು ಕಪ್ಪು ಚೂರನ್ನೂ ನನ್ನ ಹೆಂಡತಿ ತಿಂಗಳುಗಟ್ಟಲೆ ತಟ್ಟೆಯಲ್ಲಿಟ್ಟು ತಂದು ತೋರಿಸಿದಳು. ಹೆಚ್ಚಿನವು ಸಾಸಿವೆ.

ನನ್ನ ದೊಡ್ಡ ತಪ್ಪು ಗೊತ್ತಾದದ್ದು ಎಂಟನೆಯ ತಿಂಗಳಲ್ಲಿ. ಒಳಾಂಗಣವನ್ನೆಲ್ಲ ನಕ್ಷೆಯ ಅಳತೆಗೆ ಸರಿಯಾಗಿ ಕಟ್ಟಿ, ಒಡಲಿನ ಎರಡು ಹೋಳುಗಳ ನಡುವೆ ಇಟ್ಟು ಒತ್ತಿದರೆ, ಹೋಳುಗಳು ಮುಚ್ಚುತ್ತಿಲ್ಲ. ಎರಡು ಮಿಲಿಮೀಟರಿಗೂ ಹೆಚ್ಚಿನ ಸಂದಿ. ಅಳತೆಗಳನ್ನು ಮೂರು ಸಲ ಪರೀಕ್ಷಿಸಿದೆ, ಎಲ್ಲಿಯೂ ದೋಷವಿಲ್ಲ. ಕಾರಣ ಹೊಳೆದಾಗ ನಗು ಬಂತು. ಅಸಲಿ ವಿಮಾನದ ಹೊರಮೈ ತಗಡು ಒಂದು ಮಿಲಿಮೀಟರಿನ ಆಸುಪಾಸು. ಕಿಟ್‌ನ ಪ್ಲಾಸ್ಟಿಕ್ ಗೋಡೆಯೂ ಒಂದೂಕಾಲು ಮಿಲಿಮೀಟರ್. ಅದನ್ನು 72ರಿಂದ ಗುಣಿಸಿ: ಒಂಬತ್ತು ಸೆಂಟಿಮೀಟರ್ ದಪ್ಪದ ಗೋಡೆ! ಹೊರಗಿನ ಅಳತೆ ಸರಿ, ಒಳಗಿನ ಅಳತೆಯೂ ಸರಿ, ಎರಡನ್ನೂ ಒಂದರೊಳಗೊಂದು ಕೂರಿಸಲು ಮಾತ್ರ ಬರುವುದಿಲ್ಲ. ಇಂಥ ಬಜೆಟ್‌ಗಳನ್ನು ನಾನು ಸೇವೆಯಲ್ಲಿದ್ದಾಗ ನೋಡಿದ್ದೆ.

ದಾರಿ ಎರಡು. ಒಳಾಂಗಣವನ್ನು ಕಿರಿದು ಮಾಡಬಹುದು. ಇಲ್ಲವೇ ಗೋಡೆಯನ್ನು ಒಳಗಿನಿಂದ ಹೆರೆದು ತೆಳುವಾಗಿಸಬಹುದು. ಮೊದಲನೆಯದು ಸುಲಭ, ಎಲ್ಲರೂ ಮಾಡುವುದೂ ಅದನ್ನೇ. ಆದರೆ ಎಲ್ಲವನ್ನೂ ಕಿರಿದು ಮಾಡಿದರೆ ಆ ಹಲಗೆಯೂ ಒಂಬತ್ತು ಅಂಗುಲದ್ದಾಗಿ ಉಳಿಯುವುದಿಲ್ಲ. ಎರಡನೆಯ ದಾರಿಯನ್ನೇ ಹಿಡಿದೆ. ಉಳಿಯಂತೆ ಬಾಗಿದ ಚಾಕುವಿನ ಅಲಗಿನಿಂದ ಮೂರು ವಾರ ಕೆರೆದೆ. ಒಂದೆರಡು ಕಡೆ ಬೆಳಕಿಗೆ ಹಿಡಿದರೆ ಪ್ಲಾಸ್ಟಿಕ್ ಹೊಳೆಯುವಷ್ಟು ತೆಳುವಾಯಿತು. ಒಂದು ಕಡೆ ತೂತೇ ಬಿತ್ತು. ಕಾನ್ಪುರದಲ್ಲಿ ಹೊಡೆದ ತೂತುಗಳಿಗೆ ಬೆಂಗಳೂರಿನಲ್ಲಿ ತೇಪೆ ಹಾಕಿದ್ದರೆಂಬುದು ನೆನಪಾಗಿ, ನಾನೂ ಚೌಕನೆಯ ಚೂರೊಂದನ್ನು ಮೇಲಿನಿಂದ ಅಂಟಿಸಿದೆ. ಅದನ್ನು ಉಜ್ಜಿ ಮರೆಮಾಚಲಿಲ್ಲ.

ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. ಯಾವ ಲಿಬರೇಟರ್? ಕಿಟ್‌ನ ಪೆಟ್ಟಿಗೆ ಬಯಸುವುದು ಯುದ್ಧದಲ್ಲಿ ಹಾರುತ್ತಿರುವ ವಿಮಾನವನ್ನು: ಹತ್ತು ಬಂದೂಕುಗಳು, ತುಂಬಿದ ಬಾಂಬ್ ಅಂಕಣ. ನನಗೆ ಬೇಕಾದದ್ದು 1949ರ ಸುಮಾರಿಗೆ ಬೆಂಗಳೂರಿನ ಹ್ಯಾಂಗರಿನಲ್ಲಿ, ದುರಸ್ತಿ ಇನ್ನೂ ಮುಗಿಯದ ವಿಮಾನ. ಬಂದೂಕುಗಳನ್ನು ಜೋಡಿಸಲಿಲ್ಲ. ಬಾಂಬುಗಳನ್ನು ಡಬ್ಬಿಯಲ್ಲೇ ಬಿಟ್ಟೆ. ಚಾಲಕರ ಫಲಕದಲ್ಲಿ ಉಪಕರಣಗಳಿರಬೇಕಾದ ಎರಡು ಕಡೆ ಖಾಲಿ ತೂತುಗಳನ್ನು ಕೊರೆದೆ. ಅವುಗಳ ಹಿಂದಿನಿಂದ ತಾಮ್ರದ ಎಳೆಗಳು ಜೋತುಬಿದ್ದಿವೆ. ಗುರುತಿನ ಚಿಹ್ನೆಯೂ ಕಿಟ್‌ನಲ್ಲಿ ದೊರೆಯುವುದಿಲ್ಲ. ಸ್ವಾತಂತ್ರ್ಯಾನಂತರದ ಮೊದಲ ವರ್ಷಗಳಲ್ಲಿ, 1950ರವರೆಗೆ, ನಮ್ಮ ವಾಯುಪಡೆಯ ವಿಮಾನಗಳ ಮೇಲೆ ಇದ್ದದ್ದು ಇಂದಿನ ಮೂರು ಬಣ್ಣದ ವರ್ತುಲವಲ್ಲ, ಬಿಳಿಯ ಮೇಲೆ ಗಾಢ ನೀಲಿಯ ಅಶೋಕ ಚಕ್ರ. ಎಳೆಕುಂಚದಿಂದ 24 ಅರೆಗಳನ್ನು ಬರೆಯಲು ಒಂದು ಚಕ್ರಕ್ಕೆ ಒಂದು ದಿನ ಹಿಡಿಯಿತು. ಎಡರೆಕ್ಕೆಯ ಚಕ್ರದಲ್ಲಿ 23 ಇವೆಯೆಂದು ಮೊಮ್ಮಗ ಎಣಿಸಿ ಹೇಳಿದ ಮೇಲೆ ಅದನ್ನು ಅಳಿಸಿ ಮತ್ತೆ ಬರೆದೆ.

ಒಳಬಣ್ಣದ ವಿಷಯಕ್ಕೆ ಹೋಗುವುದಿಲ್ಲ. ಲಿಬರೇಟರ್‌ನ ಯಾವ ಕೋಣೆ ಹಸಿರು, ಯಾವುದು ಬರಿಯ ಅಲ್ಯೂಮಿನಿಯಂ ಎಂಬ ಬಗ್ಗೆ ಮಾದರಿ ಕಟ್ಟುವವರಲ್ಲಿ ನಡೆಯುವ ವಾದ ನಮ್ಮ ಕಾವೇರಿ ವಿವಾದಕ್ಕಿಂತ ಹಳೆಯದಲ್ಲವಾದರೂ ಅಷ್ಟೇ ಜಟಿಲ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಭಾರ. ಲಿಬರೇಟರ್ ಮೂಗಿನ ಕೆಳಗೆ ಒಂದು, ರೆಕ್ಕೆಯ ಕೆಳಗೆ ಎರಡು ಚಕ್ರಗಳ ಮೇಲೆ ನಿಲ್ಲುವ ವಿಮಾನ. ಹಿಂಭಾಗ ಭಾರವಾದರೆ ಬಾಲದ ಮೇಲೆ ಕೂತುಬಿಡುತ್ತದೆ. ಅಸಲಿ ವಿಮಾನಕ್ಕೂ ಆ ದುರಭ್ಯಾಸವಿತ್ತು. ಕಿಟ್ ಕಟ್ಟುವವರು ಖಾಲಿಯಿರುವ ಮೂಗಿನೊಳಗೆ ಸೀಸ ತುಂಬಿ ಇದನ್ನು ನಿವಾರಿಸುತ್ತಾರೆ. ನನ್ನ ಮೂಗಿನಲ್ಲಿ ಜಾಗವೆಲ್ಲಿ? ಅಲ್ಲಿ ನಕ್ಷೆ ನೋಡುವವನ ಮೇಜಿದೆ, ಬಾಂಬ್ ಗುರಿ ಹಿಡಿಯುವವನ ಪೀಠವಿದೆ. ಸಾಲದೆಂಬಂತೆ ಚಕ್ರಗಳ ಹಿಂದಿನ ಭಾಗಕ್ಕೂ ಪೀಠ, ಪೆಟ್ಟಿಗೆ, ಸಿಲಿಂಡರು ತುಂಬಿದ್ದೆ. ಒಂದು ಹಂತದಲ್ಲಿ, ಯಾರಿಗೂ ಕಾಣದ ಆ ಮೇಜನ್ನು ಕಿತ್ತು ಸೀಸ ತುಂಬಿಬಿಡೋಣವೆನಿಸಿತು. ಚಿಮಟವನ್ನೂ ಕೈಗೆತ್ತಿಕೊಂಡಿದ್ದೆ. ಕೊನೆಗೆ ನೆರವಾದದ್ದು ಎಂಜಿನ್‌ಗಳು. ಅವು ರೆಕ್ಕೆಯಿಂದ ಮುಂದಕ್ಕೆ, ಮುಖ್ಯ ಚಕ್ರಗಳಿಗಿಂತಲೂ ಮುಂದೆ ಚಾಚಿವೆ. ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಬಡಿದು ಚಪ್ಪಟೆ ಮಾಡಿ ನಾಲ್ಕೂ ಎಂಜಿನ್‌ಗಳ ಹಿಂದೆ ಒತ್ತಿದೆ. ಮೂಗಿನ ಚಕ್ರದ ಗೂಡಿನ ಮೇಲೆ, ಚಾಲಕರ ನೆಲದಡಿಯಲ್ಲಿ ಇನ್ನಷ್ಟು. ಸಾಕಾಗುತ್ತದೆಯೇ ಎಂಬುದು ಅಂಟಿಸಿ ಮುಗಿಸುವವರೆಗೂ ಖಚಿತವಿರಲಿಲ್ಲ.

ಹೋಳುಗಳನ್ನು ಮುಚ್ಚುವ ಮುನ್ನ ಬಂದು ನೋಡಿದ ಗೆಳೆಯರೆಲ್ಲರದೂ ಒಂದೇ ಸಲಹೆ: "ಮುಚ್ಚಬೇಡಿ ಸಾರ್. ಒಂದು ಬದಿ ತೆರೆದಿಡಿ. ಇಷ್ಟೆಲ್ಲ ಮಾಡಿ ಯಾರಿಗೂ ಕಾಣದಂತೆ ಮಾಡುತ್ತೀರಾ?" ಮಾತಿನಲ್ಲಿ ನ್ಯಾಯವಿದೆ. ಸೀಳಿದ ವಿಮಾನವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವ ಕ್ರಮವೂ ಉಂಟು. ಎರಡು ವಾರ ಯೋಚಿಸಿದೆ. ಆದರೆ ಸೀಳಿದ್ದು ವಿಮಾನವಲ್ಲ, ವಿಮಾನದ ಪಾಠ. ಕಾರ್ಖಾನೆಯಿಂದ ಹೊರಬಿದ್ದ ಪ್ರತಿಯೊಂದು ಲಿಬರೇಟರ್‌ನಲ್ಲೂ ನನ್ನ ತಂದೆ ಮಾಡಿದ ಕೆಲಸವನ್ನು ಫಲಕ ಹಾಕಿ ಮುಚ್ಚಿಯೇ ಕಳಿಸಿದ್ದರು. ನಾನೂ ಮುಚ್ಚಿದೆ.

ಮುಚ್ಚುವ ಮುನ್ನ ಒಂದು ಕೆಲಸ ಬಾಕಿಯಿತ್ತು. ತಂದೆಯವರ ಎತ್ತರ ಐದಡಿ ಐದಂಗುಲ. 1:72ರಲ್ಲಿ 23 ಮಿಲಿಮೀಟರ್. ಕಿಟ್‌ನ ಚಾಲಕರ ಬೊಂಬೆಗಳಲ್ಲಿ ಒಂದನ್ನು ತೆಗೆದುಕೊಂಡು, ಟೋಪಿಯನ್ನೂ ದಪ್ಪ ಅಂಗಿಯನ್ನೂ ಹೆರೆದು, ಕಾಲುಗಳನ್ನು ನೆಟ್ಟಗೆ ಮಾಡಿ, ಖಾಕಿ ಚಡ್ಡಿ, ಬಿಳಿ ಅಂಗಿ ತೊಡಿಸಿದೆ. ಬಲಗೈಯಲ್ಲಿ ಒಂದು ಉಪಕರಣದ ಪೆಟ್ಟಿಗೆ. ಮುಖ ಬರೆಯುವ ಗೋಜಿಗೆ ಹೋಗಲಿಲ್ಲ. ಆ ಗಾತ್ರದಲ್ಲಿ ಮುಖ ಬರೆಯಲು ನನಗೆ ಬರುವುದೂ ಇಲ್ಲ. ಅವರನ್ನು ಕಾಲುಹಲಗೆಯ ನಡುವೆ ನಿಲ್ಲಿಸಿದೆ.

ವಿಮಾನ ಈಗ ನನ್ನ ಓದುವ ಮೇಜಿನ ಪಕ್ಕದ ಕಪಾಟಿನಲ್ಲಿದೆ. ಷಟರ್‌ಗಳನ್ನು ಅರ್ಧ ಮೇಲೇರಿಸಿಟ್ಟಿದ್ದೇನೆ. ಕೆಳಗಿನಿಂದ ಟಾರ್ಚ್ ಹಿಡಿದು, ಕತ್ತು ವಾರೆ ಮಾಡಿ ನೋಡಿದರೆ ಹಲಗೆಯ ಒಂದು ತುಣುಕು, ಅದರ ಮೇಲೆ ಎರಡು ಕಾಲು ಕಾಣುತ್ತವೆ. ಮೂಗಿನ ಚಕ್ರ ನೆಲಕ್ಕೆ ಊರಿದೆ. ಅಂಟಿಸಿದ ದಿನದಿಂದ ಇವತ್ತಿನವರೆಗೆ ಒಂದು ಸಲವೂ ಎದ್ದಿಲ್ಲ.